ಒಂಬತ್ತು ಗಂಟೆಯ ಹಾಜರಿ

ಅಲ್ಕಾಪುರಿ, ವಡೋದರಾ
೨೦ ಜನವರಿ ೨೦೨೫

ಮಾನ್ಯ ಡಾ. ಪೂರ್ವಿ ಅವರಿಗೆ,

ಹೊಸದುರ್ಗ ಚನ್ನಬಸಪ್ಪ ಗೌರಮ್ಮ ಎಂಬ ನಾನು ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೇಳು ವರ್ಷ ನಾಲ್ಕು ತಿಂಗಳು ಗಣಿತ ಮತ್ತು ವಿಜ್ಞಾನವನ್ನು ಬೋಧಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಬ್ಯಾಂಕಿನಲ್ಲಿರುವ ನನ್ನ ಮಗಳು ಮನಸ್ವಿನಿಗೆ ವರ್ಗವಾದದ್ದರಿಂದ ಕಳೆದ ವರ್ಷ ಅವಳೊಂದಿಗೆ ವಡೋದರಾಕ್ಕೆ ಬಂದೆ. ಕಳೆದ ಗುರುವಾರ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿರುವ ನಿಮ್ಮ ಕ್ಲಿನಿಕ್ಕಿಗೆ ನಾವಿಬ್ಬರೂ ಬಂದಿದ್ದೆವು. ಕನ್ನಡ ಬಲ್ಲ ಹೃದಯತಜ್ಞೆ ಎಂದು ಕೇಳಿಯೇ ಅಷ್ಟು ದೂರ ಬಂದದ್ದು.

ನೀವು ಚೆನ್ನಾಗಿ ಪರೀಕ್ಷಿಸಿದಿರಿ. ಆದರೆ ನನ್ನ ಹೃದಯದ ವಿಷಯವನ್ನು ಉದ್ದಕ್ಕೂ ನನ್ನ ಮಗಳ ಮುಖ ನೋಡಿ ಇಂಗ್ಲಿಷಿನಲ್ಲಿ ಹೇಳಿದಿರಿ. ಹೃದಯ ನನ್ನದು. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಅಪಧಮನಿ, ಯಕೃತ್ತು ಎಂದರೆ ನನಗೆ ತಕ್ಷಣ ಅರ್ಥವಾಗುತ್ತದೆ; ಅವುಗಳ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟೋ ಸಾವಿರ ಸಲ ಬರೆದಿದ್ದೇನೆ.

ದಿನಕ್ಕೊಂದು ಸ್ಟ್ಯಾಟಿನ್ ಮಾತ್ರೆ ನುಂಗಬೇಕೆಂದು ಬರೆದುಕೊಟ್ಟಿದ್ದೀರಿ. ಚೀಟಿ ದೇವರ ಗೂಡಿನ ಪಕ್ಕದಲ್ಲಿದೆ. ಔಷಧಿಯನ್ನು ಇನ್ನೂ ತರಿಸಿಲ್ಲ. ಮೊದಲು ಕೆಳಗಿನ ಸಂದೇಹಗಳು ಪರಿಹಾರವಾಗಬೇಕು. ಮೊಟ್ಟೆಯನ್ನು ಸಹ ಮುಟ್ಟದ, ತುಪ್ಪವನ್ನು ಚಮಚದಲ್ಲಿ ಅಳೆದು ಬಡಿಸಿಕೊಳ್ಳುವ ನನಗೆ ಕೊಲೆಸ್ಟ್ರಾಲ್ ಎಲ್ಲಿಂದ ಬಂತು? ಈ ಮಾತ್ರೆಯಿಂದ ಕಾಲಿನ ಸ್ನಾಯುಗಳು ನೋಯುತ್ತವೆಂದು ಪಕ್ಕದ ಮನೆಯ ಕೋಕಿಲಾಬೆನ್ ಹೇಳುತ್ತಾರೆ. ನೋವು ಬಂದರೆ ನಿಮಗೆ ತಿಳಿಸಬೇಕೋ, ಸಹಿಸಿಕೊಳ್ಳಬೇಕೋ? ಇದರ ಪರೀಕ್ಷೆ ಯಾವಾಗ, ಉತ್ತೀರ್ಣಳಾಗಲು ಎಷ್ಟು ಅಂಕ ಬೇಕು? ಕಡೆಯದಾಗಿ, ನಾನು ಸ್ವಲ್ಪ ಬಿರುಸಾದ ದೈಹಿಕ ಚಟುವಟಿಕೆ ಮಾಡಬಹುದೇ? ಯಾವ ಚಟುವಟಿಕೆ ಎಂಬುದನ್ನು ಈಗ ಹೇಳಲಾರೆ.

ಉತ್ತರವನ್ನು ಕನ್ನಡದಲ್ಲಿ, ಕೈಬರಹದಲ್ಲಿ ನಿರೀಕ್ಷಿಸುತ್ತೇನೆ. ಫೋನಿನಲ್ಲಿ ಹೇಳಿದ್ದನ್ನು ಮತ್ತೊಮ್ಮೆ ತೆಗೆದು ಓದಲಾಗುವುದಿಲ್ಲ.

ಇತಿ,
ಹೊ. ಚ. ಗೌರಮ್ಮ

*

ಅಹಮದಾಬಾದ್
೩ ಫೆಬ್ರವರಿ ೨೦೨೫

ಗೌರಮ್ಮ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ರಿಜಿಸ್ಟರ್ಡ್ ಪತ್ರ ಬಂದಾಗ ನಮ್ಮ ರಿಸೆಪ್ಷನಿಸ್ಟ್ ಕೋರ್ಟ್ ನೋಟಿಸ್ ಅಂತ ತಿಳ್ಕೊಂಡು ಸಹಿ ಹಾಕೋಕೇ ಹೆದರಿದ್ದಳು. ಒಡೆದು ನೋಡಿದ ಮೇಲೆ ಹೆದರೋ ಸರದಿ ನನ್ನದಾಯ್ತು.

ನಾನು ಕನ್ನಡದಲ್ಲಿ ಕಡೇ ಸಲ ಪತ್ರ ಬರೆದಿದ್ದು ಮೈಸೂರಿನ ಅಜ್ಜಿಗೆ, ಆರನೇ ಕ್ಲಾಸಲ್ಲಿ. ಅಪ್ಪ ರೈಲ್ವೆಯಲ್ಲಿ ಇದ್ದರು, ನಾನು ಹುಟ್ಟಿ ಬೆಳೆದಿದ್ದೆಲ್ಲ ಇಲ್ಲೇ. ಅಕ್ಷರ ಕಲಿಸಿದ್ದು ಅಮ್ಮ. ತಪ್ಪಿದ್ದರೆ ಕೆಂಪು ಇಂಕಲ್ಲಿ ತಿದ್ದಿ ವಾಪಸ್ ಕಳಿಸಬೇಡಿ ಮೇಡಂ, ಮನಸ್ಸಲ್ಲೇ ತಿದ್ಕೊಳ್ಳಿ. ಅವತ್ತು ನಿಮ್ಮ ಮಗಳ ಮುಖ ನೋಡಿ ಮಾತಾಡಿದ್ದು ತಪ್ಪು. ಇನ್ನು ಮುಂದೆ ನಿಮ್ಮ ಮುಖ ನೋಡಿಯೇ ಹೇಳ್ತೀನಿ.

ಕೊಲೆಸ್ಟ್ರಾಲ್ ಬರೀ ಊಟದಿಂದ ಬರೋದಲ್ಲ. ಹೆಚ್ಚಿನ ಪಾಲನ್ನ ನಮ್ಮ ಲಿವರ್ರೇ (ನಿಮ್ಮ ಯಕೃತ್ತು!) ತಯಾರು ಮಾಡುತ್ತೆ. ಕೆಲವರ ಮನೆತನದಲ್ಲಿ ಅದು ಅತಿ ಉತ್ಸಾಹದಿಂದ ಕೆಲಸ ಮಾಡುತ್ತೆ. ಹಾಗೆ ಜಾಸ್ತಿಯಾಗಿದ್ದು ರಕ್ತನಾಳದ ಒಳಗೋಡೆಗೆ ಹತ್ತಿಕೊಳ್ಳುತ್ತೆ. ನಿಮ್ಮ ಸ್ಕ್ಯಾನ್‌ನಲ್ಲಿ ಅಂಥ ಒಂದೆರಡು ಕಡೆ ಕಾಣಿಸಿತು. ಅದು ಒಂದು ದಿನ ಒಡೆದು ರಕ್ತ ಹೆಪ್ಪುಗಟ್ಟಿದರೆ ಹಾರ್ಟ್ ಅಟ್ಯಾಕ್. ಮಾತ್ರೆ ಲಿವರ್‌ನ ಕೈ ಸ್ವಲ್ಪ ಹಿಡಿಯುತ್ತೆ, ಗೋಡೆಗೆ ಹತ್ತಿದ್ದು ಒಡೆಯದ ಹಾಗೆ ಗಟ್ಟಿ ಮಾಡುತ್ತೆ.

ಸ್ನಾಯು ನೋವು ಎಲ್ಲರಿಗೂ ಬರೋದಿಲ್ಲ. ಬಂದರೆ ಖಂಡಿತ ಹೇಳಬೇಕು. ಸಹಿಸ್ಕೊಳ್ಳೋದೂ ಬೇಡ, ನನಗೆ ಹೇಳದೆ ಬಿಡೋದೂ ಬೇಡ. ಡೋಸ್ ಕಡಿಮೆ ಮಾಡಬಹುದು, ಬೇರೆ ಮಾತ್ರೆ ಕೊಡಬಹುದು.

ಪರೀಕ್ಷೆ ಎಂಟು ವಾರದ ನಂತರ. ಈಗ ನಿಮ್ಮ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ೧೭೮ ಇದೆ. ನೂರಕ್ಕಿಂತ ಕೆಳಗೆ ಬಂದರೆ ಪಾಸ್. ಈ ಪರೀಕ್ಷೆಯಲ್ಲಿ ಕಡಿಮೆ ಅಂಕ ತಗೊಂಡವರೇ ಜಾಣರು!

ಬಿರುಸಾದ ಚಟುವಟಿಕೆ ನಿಧಾನವಾಗಿ ಶುರು ಮಾಡಿ. ಏನು ಅಂತ ಹೇಳಿದ್ದರೆ ಚೆನ್ನಾಗಿತ್ತು.

ನಿಮ್ಮ,
ಪೂರ್ವಿ

*

ವಡೋದರಾ
೭ ಏಪ್ರಿಲ್ ೨೦೨೫

ಮಾನ್ಯ ಡಾ. ಪೂರ್ವಿ ಅವರಿಗೆ,

ನಿಮ್ಮ ಪತ್ರವನ್ನು ತಿದ್ದಿ ಹಿಂದಿರುಗಿಸಿಲ್ಲ; ತಿದ್ದಿ ಇಟ್ಟುಕೊಂಡಿದ್ದೇನೆ. ತಪ್ಪುಗಳು ನಾನು ಎಣಿಸಿದ್ದಕ್ಕಿಂತ ಕಡಿಮೆ. ನಿಮ್ಮ ತಾಯಿಯವರಿಗೆ ನನ್ನ ವಂದನೆ ಸಲ್ಲಬೇಕು.

ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ರಾತ್ರಿಯ ಊಟದ ನಂತರ ತೆಗೆದುಕೊಂಡೆ. ಬೆಳಗ್ಗೆ ಕಮಾಟಿಬಾಗ್‌ನ ಮರಗಳ ಕೆಳಗೆ ನಡೆದೆ. ಮೊನ್ನೆ ರಕ್ತ ಕೊಟ್ಟು ಬಂದೆ. ಕಾಲು ನೋಯಲಿಲ್ಲ, ಯಕೃತ್ತಿನ ವರದಿಯೂ ಶುದ್ಧವಾಗಿದೆ. ನಿಮ್ಮ ಎಲ್‌ಡಿಎಲ್ ಎಂಬ ಮಹಾಶಯನ ಸಂಖ್ಯೆ ೮೬.

ವರದಿಯ ಪ್ರತಿಯನ್ನು ಲಗತ್ತಿಸಿದ್ದೇನೆ. ಅದರ ಮೇಲೆ ಕೆಂಪು ಶಾಯಿಯಲ್ಲಿ ‘ಉತ್ತೀರ್ಣ’ ಎಂದು ಬರೆದಿರುವುದು ನಾನೇ. ನಿವೃತ್ತಿಯ ನಂತರ ಆ ಪೆನ್ನಿಗೆ ಕೆಲಸ ಸಿಕ್ಕಿರಲಿಲ್ಲ. ಈ ಅಧ್ಯಾಯವನ್ನು ಯಶಸ್ವಿಯಾಗಿ ಮುಗಿಸಿದ ತೃಪ್ತಿ ನನಗಿದೆ.

ಇತಿ,
ಹೊ. ಚ. ಗೌರಮ್ಮ

*

ಅಹಮದಾಬಾದ್
೨೧ ಏಪ್ರಿಲ್ ೨೦೨೫

ಪ್ರೀತಿಯ ಗೌರಮ್ಮ ಮೇಡಂ,

ಎಂಬತ್ತಾರು! ಶಹಬ್ಬಾಸ್! ನಿಮ್ಮ ‘ಉತ್ತೀರ್ಣ’ ನೋಡಿ ಕ್ಲಿನಿಕ್‌ನಲ್ಲಿ ಒಬ್ಬಳೇ ಕೂತು ಜೋರಾಗಿ ನಕ್ಕೆ. ಹೊರಗಿದ್ದ ಪೇಷಂಟ್ ಒಬ್ಬರು ‘ಡಾಕ್ಟರ್‌ಗೆ ಏನಾಯ್ತು’ ಅಂತ ಕೇಳಿದರಂತೆ. ನನ್ನ ಯಾವ ಪೇಷಂಟೂ ಇಷ್ಟು ಶಿಸ್ತಿಂದ ಪಾಸಾಗಿಲ್ಲ. ಹೀಗೇ ಮುಂದುವರಿಸಿ.

ಒಂದು ಅನುಮತಿ ಬೇಕಿತ್ತು. ನನಗೆ ತುಂಬಾ ಹತ್ತಿರದವರೊಬ್ಬರು ಇದಾರೆ. ಅವರಿಗೂ ಇದೇ ಮಾತ್ರೆ ಬೇಕು. ನಿಮಗಿಂತ ಜಾಸ್ತಿ ಬೇಕು. ನಾನು ಏನು ಹೇಳಿದರೂ ಅವರ ಕಿವಿಗೆ ಬೀಳಲ್ಲ. ನಿಮ್ಮ ಪತ್ರಗಳನ್ನ ಅವರಿಗೆ ಓದಿ ಹೇಳಬಹುದಾ? ನಿಮ್ಮ ಹೆಸರು ಹೇಳೋದಿಲ್ಲ.

ನಿಮ್ಮ,
ಪೂರ್ವಿ

*

ವಡೋದರಾ
೨೮ ಏಪ್ರಿಲ್ ೨೦೨೫

ಚಿ. ಪೂರ್ವಿಗೆ ಆಶೀರ್ವಾದಗಳು.

ಧಾರಾಳವಾಗಿ ಓದಿ. ಹೆಸರನ್ನೂ ಹೇಳಿ. ಸೇವಾವಧಿಯನ್ನೂ ಹೇಳಿ, ಮೂವತ್ತೇಳು ವರ್ಷ ಎಂದು ನಿಲ್ಲಿಸದೆ ನಾಲ್ಕು ತಿಂಗಳನ್ನೂ ಸೇರಿಸಿ.

ಆ ‘ಹತ್ತಿರದವರು’ ಯಾರೆಂದು ನಾನು ಊಹಿಸಬಲ್ಲೆ. ಗಂಡಂದಿರಿಗೆ ಹೆಂಡತಿಯ ಮಾತು ಕೇಳಿಸುವುದೇ ಇಲ್ಲ, ಹೆಂಡತಿ ಡಾಕ್ಟರಾದರೆ ಇನ್ನೂ ಕೇಳಿಸುವುದಿಲ್ಲ. ನನ್ನ ಯಜಮಾನರ ಕಾಲದಲ್ಲಿ ನಾನು ಹೇಳಬೇಕಾದದ್ದನ್ನು ಬರೆದು ಅವರ ಚಪ್ಪಲಿಯ ಮೇಲೆ ಇಡುತ್ತಿದ್ದೆ. ನೀವೂ ಪ್ರಯತ್ನಿಸಿ.

ಇತಿ,
ಗೌರಮ್ಮ

*

ವಡೋದರಾ
೧೪ ಜುಲೈ ೨೦೨೫

ಚಿ. ಪೂರ್ವಿಗೆ ಆಶೀರ್ವಾದಗಳು.

ಜನವರಿಯಲ್ಲಿ ಹೇಳದೆ ಉಳಿಸಿಕೊಂಡ ಚಟುವಟಿಕೆಯನ್ನು ಈಗ ಹೇಳುವ ಕಾಲ ಬಂದಿದೆ. ಅದು ಗರಬಾ.

ನಗಬೇಡಿ. ಕಳೆದ ನವರಾತ್ರಿಯಲ್ಲಿ ನಾನು ಈ ಸೊಸೈಟಿಗೆ ಹೊಸಬಳು. ಅಂಗಳದಲ್ಲಿ ನಡುವೆ ದೀಪವಿಟ್ಟು ಹೆಂಗಸರೆಲ್ಲ ಸುತ್ತುತ್ತಿದ್ದರು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಧ್ವನಿವರ್ಧಕದ ಅಬ್ಬರ ಅತಿಯಾಯಿತು ಎಂದುಕೊಳ್ಳುತ್ತಿದ್ದೆ. ಆದರೆ ಕಾಲು ನನ್ನ ಮಾತು ಕೇಳದೆ ತಾಳ ಹಾಕುತ್ತಿತ್ತು. ಹೊಸದುರ್ಗದ ಶಾಲೆಯಲ್ಲಿ ಕೋಲಾಟ ಕಲಿಸುತ್ತಿದ್ದವಳು ನಾನು. ನನ್ನ ತಂಡ ಜಿಲ್ಲೆಗೆ ಎರಡು ಬಾರಿ ಪ್ರಥಮ ಬಂದಿದೆ. ಕೋಕಿಲಾಬೆನ್ ಅದನ್ನು ಗಮನಿಸಿ, “ಗೌರಾಬೆನ್, ಮುಂದಿನ ವರ್ಷ ಕುರ್ಚಿ ಇಲ್ಲ, ನೋಡ್ತಾ ಇರಿ” ಎಂದರು. ಮೂವತ್ತೇಳು ವರ್ಷ ‘ಮೇಡಂ’ ಆಗಿದ್ದವಳನ್ನು ಈ ಊರು ಒಂದೇ ವಾರದಲ್ಲಿ ‘ಗೌರಾಬೆನ್’ ಮಾಡಿತು. ಅದಕ್ಕೇನೂ ಬೇಸರವಿಲ್ಲ.

ಈಗ ವಾರಕ್ಕೆ ಮೂರು ಸಂಜೆ ಅವರ ಮನೆಯ ಮಾಳಿಗೆಯ ಮೇಲೆ ಅಭ್ಯಾಸ. ಬೇ ತಾಲಿ ಎಂದರೆ ಎರಡು ಚಪ್ಪಾಳೆಯ ಸುತ್ತು, ತ್ರಣ್ ತಾಲಿ ಎಂದರೆ ಮೂರು ಚಪ್ಪಾಳೆಯದು. ಎರಡನ್ನೂ ಕಲಿತಿದ್ದೇನೆ. ತಿರುಗುವಾಗ ನನ್ನ ಎಡಗಾಲು ಇನ್ನೂ ಕೋಲಾಟದ ಕಡೆಗೇ ಹೋಗುತ್ತದೆ. ಅರವತ್ತು ದಾಟಿದ ಹೆಂಗಸರ ಒಂದು ಸುತ್ತು ಅಷ್ಟಮಿಯ ದಿನ ಆಗಬೇಕೆಂದು, ಅದನ್ನು ನಾನೇ ಮುಂದೆ ನಿಂತು ನಡೆಸಬೇಕೆಂದು ತೀರ್ಮಾನವಾಗಿದೆ.

ಮನಸ್ವಿನಿ ಮಾತ್ರ ಹಟ ಹಿಡಿದಿದ್ದಾಳೆ. “ಡಾಕ್ಟರ್ ಕೈಬರಹದಲ್ಲಿ ಬರೆದುಕೊಡಲಿ, ಆಮೇಲೆ ಕುಣಿ ಅಮ್ಮ. ನಿನಗೇನಾದರೂ ಆದರೆ ನಾನು ಯಾರ ಮುಖ ನೋಡಲಿ?” ಎನ್ನುತ್ತಾಳೆ. ಬರವಣಿಗೆಯಲ್ಲಿ ಬೇಕು ಎನ್ನುವ ಅಭ್ಯಾಸವನ್ನು ಯಾರಿಂದ ಕಲಿತಳೋ!

ಆದ್ದರಿಂದ ನನ್ನ ಹೃದಯ ಗರಬಾಕ್ಕೆ ಯೋಗ್ಯವಾಗಿದೆ ಎಂಬ ಪ್ರಮಾಣಪತ್ರ ದಯಪಾಲಿಸಿ. ದಿನವೂ ನಡೆಯುತ್ತೇನೆ, ಎಷ್ಟೋ ದಿನ ಎರಡು ಹೊತ್ತೂ ನಡೆಯುತ್ತೇನೆ. ಮಳೆಯಿದ್ದರೆ ವರಾಂಡದಲ್ಲಿ ನಡೆಯುತ್ತೇನೆ. ಜೋಳದ ರೊಟ್ಟಿ, ಸೊಪ್ಪು, ಓಟ್ಸ್, ಕರಿದದ್ದು ಇಲ್ಲ. ನಡಿಗೆಯಿಂದ ಮೈ ಹಗುರವಾಗಿದೆ.

ಇತಿ,
ಗೌರಮ್ಮ

*

ಅಹಮದಾಬಾದ್
೨೮ ಜುಲೈ ೨೦೨೫

ಪ್ರೀತಿಯ ಟೀಚರ್,

ಗರಬಾ ಅಂತ ಓದಿ ಕುಣಿದುಬಿಟ್ಟೆ. ಪ್ರಮಾಣಪತ್ರ ಬರೆಯೋಕೆ ಪೆನ್ನೂ ತಗೊಂಡಿದ್ದೆ. ಅಷ್ಟರಲ್ಲಿ ಭಾನುವಾರ ಬಂತು.

ಭಾನುವಾರ ಅಂದರೆ ನಾನು ಆ ‘ಹತ್ತಿರದವರಿಗೆ’ ನಿಮ್ಮ ಪತ್ರ ಫೋನಲ್ಲಿ ಓದಿ ಹೇಳೋ ದಿನ. ಅವರು ನನ್ನ ಗಂಡ ಅಲ್ಲ ಟೀಚರ್, ನನಗಿನ್ನೂ ಮದುವೆ ಆಗಿಲ್ಲ. ಅವರು ನನ್ನ ಅಪ್ಪ, ಸುಬ್ರಹ್ಮಣ್ಯ. ಸ್ಟೇಷನ್ ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆಗಿ ಈಗ ಸೂರತ್‌ನಲ್ಲಿ ಅಣ್ಣ ಅಮೋಘ್ ಮನೆಯಲ್ಲಿದಾರೆ. ಎರಡು ವರ್ಷದ ಹಿಂದೆ ಅವರ ಹೃದಯಕ್ಕೆ ಒಂದು ಸ್ಟೆಂಟ್ ಹಾಕಿದೆ. ಊರಿನವರಿಗೆಲ್ಲ ಮಾತ್ರೆ ಬರೆಯೋ ನಾನು ನಮ್ಮಪ್ಪನಿಗೆ ಮಾತ್ರೆ ನುಂಗಿಸಲಾರೆ. ಇದನ್ನ ನಿಮಗೆ ಹೇಳೋಕೆ ನಾಚಿಕೆಯಾಗಿತ್ತು.

ನಿನ್ನೆ ನಿಮ್ಮ ಪತ್ರ ಪೂರ್ತಿ ಓದಿದೆ. ಎಂದಿನ ಹಾಗೆ ಅವರು ನಡುನಡುವೆ “ಭೇಷ್, ಭೇಷ್” ಅಂತಿದ್ದರು. ಕಡೆಗೆ ‘ಆ ವಾಕಿಂಗ್ ಸಾಲು ಇನ್ನೊಂದ್ಸಲ ಓದು’ ಅಂದರು.

“ಏನಪ್ಪಾ?”

“ಪೂರ್ವಿ, ನಿಮ್ಮ ಟೀಚರಮ್ಮ ಮಾತ್ರೆ ಬಿಟ್ಟಿದಾರೆ ಕಣೆ.”

“ಸುಮ್ಮನಿರಪ್ಪ. ಅವರು ನಿನ್ನ ಥರ ಅಲ್ಲ.”

“ನನ್ನ ಥರಾನೇ. ಏಪ್ರಿಲ್ ಪತ್ರದಲ್ಲಿ ಮಾತ್ರೆ ಮೊದಲು ಬಂದಿತ್ತು, ವಾಕಿಂಗ್ ಆಮೇಲೆ. ಇದರಲ್ಲಿ ಬರೀ ವಾಕಿಂಗು. ಮಳೆ ಬಂದರೂ ವಾಕಿಂಗು, ವರಾಂಡದಲ್ಲೂ ವಾಕಿಂಗು. ನಾನು ಮಾತ್ರೆ ಬಿಟ್ಟಾಗ ನಿನ್ನ ಹತ್ತಿರ ಯಾವುದರ ಬಗ್ಗೆ ಮಾತಾಡ್ತಿದ್ದೆ ಹೇಳು?”

ತಾಪಿ ನದಿ ಪಕ್ಕದ ವಾಕಿಂಗ್ ಬಗ್ಗೆ ಮಾತಾಡ್ತಿದ್ದರು, ಟೀಚರ್. ದಿನಾ.

ನಮ್ಮಪ್ಪನ ಊಹೆ ತಪ್ಪು ಅಂತ ಬರೆದುಬಿಡಿ, ಪ್ಲೀಸ್. ಅವರಿಗೆ ಓದಿ ಹೇಳ್ತೀನಿ.

ನಿಮ್ಮ,
ಪೂರ್ವಿ

*

ವಡೋದರಾ
೪ ಆಗಸ್ಟ್ ೨೦೨೫

ಡಾ. ಪೂರ್ವಿ ಅವರಿಗೆ,

ತಮ್ಮ ತಂದೆಯವರ ಊಹೆ ಸರಿಯಾಗಿದೆ. ಅದನ್ನು ಅವರು ಪತ್ತೆಹಚ್ಚಿದ ರೀತಿ ನನಗೆ ಹಿಡಿಸಲಿಲ್ಲ.

ಆದರೆ ‘ಬಿಟ್ಟಿದ್ದಾರೆ’ ಎಂಬ ಪದವನ್ನು ನಾನು ಒಪ್ಪುವುದಿಲ್ಲ. ಶಾಲೆ ಬಿಡುವವರು ಬೇರೆ, ಶಾಲೆ ಮುಗಿಸುವವರು ಬೇರೆ. ಪರೀಕ್ಷೆ ಯಾವಾಗ ಎಂದು ಕೇಳಿದೆ; ಎಂಟು ವಾರದ ನಂತರ ಎಂದಿರಿ. ಎಷ್ಟು ಅಂಕ ಎಂದು ಕೇಳಿದೆ. ನೂರಕ್ಕಿಂತ ಕೆಳಗೆ ಎಂದಿರಿ. ಬರೆದೆ, ಉತ್ತೀರ್ಣಳಾದೆ. ಅಧ್ಯಾಯ ಮುಗಿಯಿತೆಂದು ತಿಳಿಸಿದೆ, ಶಹಬ್ಬಾಸ್ ಎಂದಿರಿ. ಏಳನೆಯ ತರಗತಿ ಪಾಸಾದ ಹುಡುಗಿಯನ್ನು ಮತ್ತೆ ಏಳನೆಯ ತರಗತಿಯಲ್ಲೇ ಕೂರಿಸುವ ಪದ್ಧತಿ ನನ್ನ ಸೇವಾವಧಿಯಲ್ಲಿ ಇರಲಿಲ್ಲ.

ಮಾತ್ರೆಯಿಲ್ಲದೆ ನನ್ನ ಮೈ ಹಗುರವಾಗಿದೆ, ಕಾಲು ಚುರುಕಾಗಿದೆ. ಯಾವ ನೋವೂ ಇಲ್ಲ. ನಾಳೆಯೇ ರಕ್ತ ಕೊಡುತ್ತೇನೆ. ಸಂಖ್ಯೆ ಬಂದ ಮೇಲೆ ತಂದೆಯವರಿಗೆ ಅದನ್ನೂ ಓದಿ ಹೇಳತಕ್ಕದ್ದು.

ಇತಿ,
ಹೊ. ಚ. ಗೌರಮ್ಮ

*

ವಡೋದರಾ
೧೧ ಆಗಸ್ಟ್ ೨೦೨೫

ಚಿ. ಪೂರ್ವಿ,

೧೭೧.

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಲ್ಯಾಬಿನವರು ತಪ್ಪು ಮಾಡಿರಬೇಕೆಂದು ಬೇರೊಂದು ಕಡೆಗೂ ರಕ್ತ ಕೊಟ್ಟೆ. ಅಲ್ಲಿ ೧೭೩ ಬಂತು. ಇಬ್ಬರು ಮೌಲ್ಯಮಾಪಕರೂ ಅನುತ್ತೀರ್ಣಳೆಂದ ಮೇಲೆ ವಾದಿಸುವುದು ಸಲ್ಲದು.

ಕ್ಲಿನಿಕ್ಕಿನಲ್ಲಿ ನೀವು ‘ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತೇ’ ಎಂದು ಕೇಳಿದಿರಿ. ಮಗಳು ಪಕ್ಕದಲ್ಲಿದ್ದಳು; ಇಲ್ಲ ಎಂದೆ. ನನ್ನ ತಂದೆ ಚನ್ನಬಸಪ್ಪನವರು ಗಟ್ಟಿಮುಟ್ಟಾದ ಆಳು. ಐವತ್ತೆರಡನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕುಳಿತವರು, ನೀರು ತಾ ಎಂದು ನನಗೆ ಹೇಳಿದರು. ನಾನು ತಂಬಿಗೆ ತರುವಷ್ಟರಲ್ಲಿ ಇರಲಿಲ್ಲ. ಅವರಿಗೂ ಯಾವ ನೋವೂ ಇರಲಿಲ್ಲ. ಅವರ ಮೈಯೂ ಹಗುರವಾಗಿಯೇ ಇತ್ತು.

ಮೊನ್ನೆ ಬರೆದ ‘ಯಾವ ನೋವೂ ಇಲ್ಲ’ ಎಂಬ ವಾಕ್ಯವನ್ನು ಹಿಂದಕ್ಕೆ ಪಡೆಯುತ್ತೇನೆ. ಅದು ಸುಳ್ಳಲ್ಲ, ಆದರೆ ಸಾಕ್ಷ್ಯವೂ ಅಲ್ಲ.

ನಿನ್ನೆ ರಾತ್ರಿ ಮಾತ್ರೆಯನ್ನು ಮತ್ತೆ ಆರಂಭಿಸಿದೆ. ಮನಸ್ವಿನಿಗೆ ಎಲ್ಲವನ್ನೂ ಹೇಳಿದೆ. ಪ್ರಮಾಣಪತ್ರವನ್ನು ಕೇಳುವ ಹಕ್ಕು ನನಗಿಲ್ಲ. ಆದರೂ ಕೋಕಿಲಾಬೆನ್ ನನಗಾಗಿ ಕಡುಕೆಂಪು ಅಂಚಿನ ಚಣಿಯಾ, ಅಂದರೆ ಗರಬಾದ ಲಂಗ, ಹೊಲಿಸಿಬಿಟ್ಟಿದ್ದಾರೆ ಎಂಬುದನ್ನು ನಿಮ್ಮ ಗಮನಕ್ಕೆ ತರುತ್ತೇನೆ.

ಇತಿ,
ಗೌರಮ್ಮ

*

ಅಹಮದಾಬಾದ್
೧೮ ಆಗಸ್ಟ್ ೨೦೨೫

ಪ್ರೀತಿಯ ಟೀಚರ್,

ಈ ತಪ್ಪಿನಲ್ಲಿ ಅರ್ಧ ಅಂಕ ನನ್ನದು. ‘ಉತ್ತೀರ್ಣ’ ತಮಾಷೆ ಅಂದುಕೊಂಡೆ. ನೀವು ತಮಾಷೆಗೆ ಕೆಂಪು ಪೆನ್ನು ಹಿಡಿಯುವವರಲ್ಲ ಅಂತ ನನಗೆ ಗೊತ್ತಿರಬೇಕಿತ್ತು. ‘ಹೀಗೇ ಮುಂದುವರಿಸಿ’ ಅಂತ ಬರೆದೆ, ಏನನ್ನು ಅಂತ ಬರೆಯಲಿಲ್ಲ. ಈಗ ಬರೆಯುತ್ತೇನೆ. ಮಾತ್ರೆ ಇರುವವರೆಗೆ ಯಕೃತ್ತು ಹದ್ದುಬಸ್ತಿನಲ್ಲಿರುತ್ತದೆ. ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ಅದು ತನ್ನ ಹಳೆಯ ಚಾಳಿಗೆ ಮರಳುತ್ತದೆ. ಎಂಬತ್ತಾರು ನಿಮ್ಮ ಅಂಕ ಅಲ್ಲ ಟೀಚರ್, ನೀವು ಮತ್ತು ಮಾತ್ರೆ ಇಬ್ಬರೂ ಸೇರಿ ತೆಗೆದ ಅಂಕ. ಆದ್ದರಿಂದ ಇದು ದಿನವೂ, ಬಹುಶಃ ಎಂದೆಂದಿಗೂ. (ಈ ಪತ್ರವನ್ನು ಮೊದಲು ಕರಡು ಬರೆದು, ಆಮೇಲೆ ನಕಲು ಮಾಡಿದ್ದೇನೆ. ಗೊತ್ತಾಗುತ್ತಾ?)

ನಿಮ್ಮ ತಂದೆಯವರ ವಿಷಯ ತಿಳಿಸಿದ್ದು ಒಳ್ಳೆಯದಾಯಿತು. ಡಾಕ್ಟರಿಗೆ ಅದು ದೊಡ್ಡ ಮಾಹಿತಿ.

ನಿಮ್ಮ ೧೭೧ ಅನ್ನು ಅಪ್ಪನಿಗೆ ಓದಿ ಹೇಳಿದೆ. ಗೆದ್ದೆ ಅಂತ ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. “ಅವರು ಎರಡು ಕಡೆ ರಕ್ತ ಕೊಟ್ಟು ಒಪ್ಪಿಕೊಂಡರಲ್ಲೇ. ನಾನು ನಿನಗೆ ಒಂದು ಮಾತೂ ಹೇಳಿಲ್ಲ” ಅಂದರು. ಆಮೇಲೆ ಹೇಳಿದರು. ಮಾತ್ರೆ ಶುರುವಾದ ಮೇಲೆ ಅವರ ತೊಡೆ ನೋಯುತ್ತಿತ್ತಂತೆ. ಪ್ಲಾಟ್‌ಫಾರಂ ಮೇಲೆ ದಿನವಿಡೀ ನಿಂತಿದ್ದವನು ಮಗಳ ಹತ್ತಿರ ಕಾಲುನೋವು ಅಂತ ಹೇಗೆ ಹೇಳೋದು ಅಂತ ಸುಮ್ಮನೆ ಮಾತ್ರೆ ಬಿಟ್ಟರಂತೆ. ನಿಮ್ಮ ಮೊದಲ ಪತ್ರಕ್ಕೆ ನಾನು ಬರೆದಿದ್ದ ಉತ್ತರದ ಫೋಟೋ ಇಟ್ಟುಕೊಂಡಿದ್ದೆ, ಅದನ್ನು ಅವರಿಗೆ ಓದಿ ಹೇಳಿದೆ: ಸಹಿಸ್ಕೊಳ್ಳೋದೂ ಬೇಡ, ಹೇಳದೆ ಬಿಡೋದೂ ಬೇಡ. “ಇದನ್ನ ನನಗೆ ಯಾಕೆ ಬರೆಯಲಿಲ್ಲ ನೀನು?” ಅಂತ ಕೇಳಿದರು. ಅಳು ಬಂತು ಟೀಚರ್.

ರಕ್ತ ಪರೀಕ್ಷೆ ಮಾಡಿಸಿ, ಅವರ ಕಾರ್ಡಿಯಾಲಜಿಸ್ಟ್ ಹತ್ತಿರ ಮಾತಾಡಿ ಬೇರೆ ಸ್ಟ್ಯಾಟಿನ್, ಸಣ್ಣ ಡೋಸ್ ಕೊಡಿಸಿದ್ದೇನೆ. ಅಪ್ಪ ಒಂದು ಷರತ್ತು ಹಾಕಿದಾರೆ: “ಟೀಚರಮ್ಮ ನುಂಗಿದರೆ ನಾನೂ ನುಂಗ್ತೀನಿ.”

ಚಣಿಯಾ ಹಾಗೇ ಇರಲಿ. ಸೆಪ್ಟೆಂಬರ್ ಮಧ್ಯದಲ್ಲಿ ರಕ್ತ ಕೊಡಿ, ಒಂದು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ. ಎರಡೂ ಸರಿಯಿದ್ದರೆ ಪ್ರಮಾಣಪತ್ರ.

ನಿಮ್ಮ,
ಪೂರ್ವಿ

*

ವಡೋದರಾ
೨೫ ಆಗಸ್ಟ್ ೨೦೨೫

ಚಿ. ಪೂರ್ವಿಗೆ ಆಶೀರ್ವಾದಗಳು.

ಕರಡು ಬರೆದು ನಕಲು ಮಾಡಿದ್ದು ಗೊತ್ತಾಗುತ್ತದೆ. ಪತ್ರವನ್ನು ಮೇಜಿನ ಮೇಲೆ ಇಟ್ಟುಕೊಂಡು ಎಲ್ಲರಿಗೂ ತೋರಿಸುತ್ತಿದ್ದೇನೆ.

ನೀವು ವಿವರಿಸಿದ ಯಕೃತ್ತನ್ನು ನಾನು ಬಲ್ಲೆ. ಒಂಬತ್ತನೆಯ ತರಗತಿ ‘ಬಿ’ ವಿಭಾಗ. ಶಿಕ್ಷಕಿ ಒಳಗಿದ್ದಾಗ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ. ‘ತರಗತಿ ಎಷ್ಟು ಚೆನ್ನಾಗಿ ಸುಧಾರಿಸಿದೆ, ಇನ್ನು ನಾನೇಕೆ’ ಎಂದು ಆಕೆ ಹೊರಗೆ ಹೋದಳೋ, ಬೆಂಚಿನ ಮೇಲೆ ಬೆಂಚು. ಮೌನಕ್ಕೆ ಕಾರಣ ತರಗತಿಯಲ್ಲ, ಶಿಕ್ಷಕಿಯ ಹಾಜರಿ. ಇಷ್ಟು ವರ್ಷ ಆ ‘ಬಿ’ ವಿಭಾಗವನ್ನು ನಡೆಸಿದವಳಿಗೆ ಇದು ಹೊಳೆಯಲಿಲ್ಲವಲ್ಲ! ಮಾತ್ರೆಯನ್ನು ನಾನು ಪರೀಕ್ಷೆಯ ಲೆಕ್ಕಕ್ಕೆ ಸೇರಿಸಿದ್ದೇ ತಪ್ಪು. ಅದನ್ನು ಹಾಜರಿಯ ಲೆಕ್ಕಕ್ಕೆ ಸೇರಿಸಬೇಕು. ಹಾಜರಿಯಲ್ಲಿ ಯಾರೂ ಉತ್ತೀರ್ಣರಾಗುವುದಿಲ್ಲ. ಇವತ್ತು ಬಂದವರು ನಾಳೆಯೂ ಬರಬೇಕು.

ತಂದೆಯವರ ಷರತ್ತು ಒಪ್ಪಿಗೆಯಾಗಿದೆ, ಆದರೆ ಬಾಯಿಮಾತಿನ ಒಪ್ಪಂದದಲ್ಲಿ ನನಗೆ ನಂಬಿಕೆಯಿಲ್ಲ. ಹಾಜರಿಯನ್ನು ಅಂಚೆಯಲ್ಲಿ ಕೂಗಲಾಗದ ಕಾರಣ, ನನ್ನ ನಿಯಮ ಸಡಿಲಿಸಿ ಫೋನನ್ನು ಬಳಸುತ್ತೇನೆ. ಪ್ರತಿ ರಾತ್ರಿ ಒಂಬತ್ತಕ್ಕೆ ಸೂರತ್ತಿಗೆ ಕರೆ ಮಾಡುತ್ತೇನೆ. ಅವರು ನೀರಿನ ಲೋಟದೊಂದಿಗೆ ಸಿದ್ಧರಿರಬೇಕು. ತಡವಾಗಿ ಬಂದವರನ್ನು ನಾನು ಹೊರಗೆ ನಿಲ್ಲಿಸುತ್ತಿದ್ದೆ ಎಂಬುದನ್ನು ಅವರಿಗೆ ಮೊದಲೇ ತಿಳಿಸಿ.

ಇತಿ,
ಗೌರಮ್ಮ

*

ಅಹಮದಾಬಾದ್
೧೭ ಸೆಪ್ಟೆಂಬರ್ ೨೦೨೫

ಪೂಜ್ಯ ಗೌರಮ್ಮ ಟೀಚರ್ ಅವರಿಗೆ,

ಇದರಿಂದ ದೃಢೀಕರಿಸುವುದೇನೆಂದರೆ, ಶ್ರೀಮತಿ ಹೊ. ಚ. ಗೌರಮ್ಮನವರ ಎಲ್‌ಡಿಎಲ್ ೯೧ ಇದ್ದು, ಟ್ರೆಡ್‌ಮಿಲ್ ಪರೀಕ್ಷೆ ತೃಪ್ತಿಕರವಾಗಿದ್ದು, ಅವರು ನವರಾತ್ರಿಯಲ್ಲಿ ಗರಬಾ ಆಡಲು ಯೋಗ್ಯರಾಗಿರುತ್ತಾರೆ. ಎದೆಯಲ್ಲಿ ಬಿಗಿತ ಅಥವಾ ಉಸಿರಾಟದ ತೊಂದರೆ ಕಂಡರೆ ತಕ್ಷಣ ನಿಲ್ಲಿಸತಕ್ಕದ್ದು.

(ಸಹಿ) ಡಾ. ಪೂರ್ವಿ ಸುಬ್ರಹ್ಮಣ್ಯ

ಅಪ್ಪನ ಸುದ್ದಿ: ಎಂಟೂವರೆಯಿಂದಲೇ ಫೋನ್ ಪಕ್ಕ ಕೂರುತ್ತಾರಂತೆ. ನೀವು “ಸುಬ್ರಹ್ಮಣ್ಯ?” ಅಂದರೆ “ಹಾಜರ್ ಮೇಡಂ!” ಅಂತ ಕೂಗೋದು ಪಕ್ಕದ ಫ್ಲ್ಯಾಟಿಗೆ ಕೇಳುತ್ತೆ ಅಂತ ಅಣ್ಣನ ದೂರು. ತೊಡೆನೋವು ಇಲ್ಲವಂತೆ. ಅಷ್ಟಮಿಗೆ ಅವರು ಸೂರತ್‌ನಿಂದ, ನಾನು ಇಲ್ಲಿಂದ ಹೊರಟು ವಡೋದರಾದಲ್ಲಿ ಇಳಿಯುತ್ತೇವೆ.

*

ವಡೋದರಾ
೬ ಅಕ್ಟೋಬರ್ ೨೦೨೫

ಚಿ. ಪೂರ್ವಿಗೆ ಆಶೀರ್ವಾದಗಳು.

ಹಬ್ಬದ ದಣಿವು ಇಳಿದಿದೆ. ಮನೆ ಶಾಂತವಾಗಿದೆ. ಇನ್ನೂ ಕಿವಿಯಲ್ಲಿ ಡೋಲು.

ಅಷ್ಟಮಿಯಂದು ನೀವು ಕಂಡದ್ದು ನಿಮಗೆ ಗೊತ್ತು. ನಾನು ಕಂಡದ್ದನ್ನು ಬರೆಯುತ್ತೇನೆ. ತಂದೆಯವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು, ಸೂರತ್ತಿನ ಘಾರಿಯ ಡಬ್ಬಿಯನ್ನು ನನ್ನ ಮುಂದಿಟ್ಟರು. ತುಪ್ಪದಲ್ಲಿ ಅದ್ದಿದ ಆ ಸಿಹಿಯನ್ನು ನೋಡಿ ನಾನು ಕನ್ನಡಕ ಸರಿಪಡಿಸಿಕೊಂಡೆ.

“ಇದೇನು ಸುಬ್ರಹ್ಮಣ್ಯ ಅವರೇ?”

“ಕುಣಿಯೋರಿಗೆ ಮೇಡಂ. ನಾನು ಬರೀ ಕುರ್ಚಿ.”

“ಮಾತ್ರೆ ನುಂಗುತ್ತೇವೆಂದು ತುಪ್ಪಕ್ಕೆ ಪರವಾನಗಿ ಸಿಕ್ಕಿತೇ?”

“ಕಾಲು ಭಾಗ, ಮೇಡಂ. ಹಬ್ಬ ಅಲ್ವಾ?”

ಕಾಲು ಭಾಗವನ್ನು ನಾನೇ ಕತ್ತರಿಸಿ ಕೊಟ್ಟೆ. ನನಗೂ ಅಷ್ಟೇ ತೆಗೆದುಕೊಂಡೆ. ಚೆನ್ನಾಗಿತ್ತು.

ಒಂಬತ್ತು ಹೊಡೆಯಿತು. ಅಂಗಳದಲ್ಲಿ ಆರತಿ ಮುಗಿದಿತ್ತು. ನಾನು ಎಂದಿನಂತೆ ಹೆಸರು ಕೂಗಿದೆ. ಫೋನಿನಿಂದ ಬರುತ್ತಿದ್ದ ದನಿ ಮೊದಲ ಬಾರಿಗೆ ಎದುರಿನಿಂದ ಬಂತು. ಆಗ ಕೋಕಿಲಾಬೆನ್ ಏನೆಂದು ಕೇಳಿದ್ದು, ನೀವು ಗುಜರಾತಿಯಲ್ಲಿ ಹೇಳಿದ್ದು, ಅವರು ತಮ್ಮ ಸೊಂಟದ ಚೀಲದಿಂದ ತಮ್ಮದೇ ಮಾತ್ರೆಯನ್ನು ತೆಗೆದು “ನಾನೂ ಹಾಜರ್” ಎಂದದ್ದು, ಎಲ್ಲವೂ ನನ್ನ ಕಣ್ಣ ಮುಂದಿದೆ. ಕಾಲುನೋವಿನ ಕಥೆ ಹೇಳಿ ನನ್ನನ್ನು ಹೆದರಿಸಿದ್ದ ಆ ಮಹಾತಾಯಿ ತಾನು ಮಾತ್ರ ಎಂಟು ವರ್ಷದಿಂದ ತಪ್ಪದೆ ನುಂಗುತ್ತಿದ್ದಾರಂತೆ!

ಆಮೇಲೆ ಸುತ್ತು. ನಾನು ಮುಂದೆ, ಹಿಂದೆ ಅರವತ್ತು ದಾಟಿದ ಹನ್ನೊಂದು ಜನ. ಮೊದಲು ಬೇ ತಾಲಿ. ಆಮೇಲೆ ತ್ರಣ್ ತಾಲಿ. ಎಡಗಾಲು ಒಮ್ಮೆ ಕೋಲಾಟಕ್ಕೆ ಹೋಯಿತು. ಹಿಂದಿನವರೆಲ್ಲ ಅದನ್ನೇ ಹೊಸ ಹೆಜ್ಜೆಯೆಂದು ತಿಳಿದು ಹಾಕಿದರು. ಮನಸ್ವಿನಿ ಮೊದಲು ನನ್ನ ಎದೆಯನ್ನೇ ನೋಡುತ್ತ ನಿಂತಿದ್ದವಳು, ಕಡೆಗೆ ಚಪ್ಪಾಳೆ ತಟ್ಟುತ್ತಿದ್ದಳು. ದೀಪದ ಸುತ್ತ ತಿರುಗುವಾಗ ಒಂದು ಕ್ಷಣ ನನ್ನ ತಂದೆ ನೆನಪಾದರು. ನಾನು ಈಗ ಅವರಿಗಿಂತ ಹದಿನೇಳು ವರ್ಷ ದೊಡ್ಡವಳು. ಅವರ ಪಾಲಿನ ಸುತ್ತನ್ನೂ ನಾನೇ ಹಾಕಿದೆ.

ಇನ್ನೊಂದು ವಿಷಯವನ್ನು ದಾಖಲಿಸಲೇಬೇಕು. ನೀವು ನಮ್ಮ ಸುತ್ತಿಗೆ ಸೇರಿ ನಾಲ್ಕನೆಯ ತಿರುವಿನಲ್ಲೇ ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತ ಕುರ್ಚಿಗೆ ಹೋದಿರಿ. ತಂದೆಯವರು “ಪಾಪ, ದಿನಾ ಕ್ಲಿನಿಕ್ಕಲ್ಲಿ ಕೂತೇ ಇರ್ತಾಳೆ” ಎಂದು ನನ್ನ ಕಿವಿಯಲ್ಲಿ ಹೇಳಿದರು. ಹೃದಯತಜ್ಞೆಯ ಈ ಸ್ಥಿತಿಯನ್ನು ನಾನು ಉಪೇಕ್ಷಿಸಲಾರೆ. ಅದಕ್ಕೆ ಸಂಬಂಧಿಸಿದ ಕ್ರಮವನ್ನು ಲಗತ್ತಿನಲ್ಲಿ ನೋಡಿ, ಪಾಲಿಸಿ.

ಇತಿ,
ನಿಮ್ಮ ಟೀಚರ್,
ಹೊಸದುರ್ಗ ಚನ್ನಬಸಪ್ಪ ಗೌರಮ್ಮ

ಲಗತ್ತುಗಳು:

೧. ಸೆಪ್ಟೆಂಬರ್ ತಿಂಗಳ ರಕ್ತಪರೀಕ್ಷೆಯ ವರದಿಯ ಪ್ರತಿ. ಈ ಬಾರಿ ಕೆಂಪು ಶಾಯಿಯಲ್ಲಿ ‘ಉತ್ತೀರ್ಣ’ ಎಂದಿಲ್ಲ, ‘ಹಾಜರು’ ಎಂದಿದೆ.

೨. ಅಷ್ಟಮಿಯ ಛಾಯಾಚಿತ್ರ ಒಂದು. ಎಡಗಾಲು ತಪ್ಪಿದ ಕ್ಷಣದ್ದು, ತಂದೆಯವರಿಗೆ ತೋರಿಸಬಹುದು.

೩. ಡಾ. ಪೂರ್ವಿ ಸುಬ್ರಹ್ಮಣ್ಯ ಅವರು ದಿನವೂ ಅರ್ಧ ಗಂಟೆ ವಸ್ತ್ರಾಪುರ ಕೆರೆಯ ಸುತ್ತ ನಡೆಯತಕ್ಕದ್ದೆಂಬ ಆದೇಶಪತ್ರ, ನನ್ನ ಸಹಿಯೊಂದಿಗೆ.

೪. ಖಾಲಿಯಾದ ಮಾತ್ರೆಪಟ್ಟಿ ಒಂದು. ಹಿಂದಿರುಗಿಸಬೇಕಾಗಿಲ್ಲ, ಹೊಸ ಪಟ್ಟಿಯಿಂದ ಇವತ್ತಿನ ಹಾಜರಿ ಆಗಿದೆ.